ಏಕಾಂಗಿಯ ಋಣ

ಜೀರ್ಣೋದ್ಧಾರ ಸಮಿತಿಯ ಹಿರಿಯರು ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಕೇಳಿದಾಗ ನಾನು ಹಿಂಜರಿದೆನು. ಊರ ದಪ್ತರವನ್ನು ಬರೆದ ಕೈ ಇದು. ಸಾತಬಾರಾ ಉತಾರೆ, ಬೆಳೆಯ ಪಾಹಣಿ, ಸಾರಾಪಟ್ಟಿ, ಇವುಗಳ ಆಚೆಗೆ ಈ ಕೈ ಹೋದುದಿಲ್ಲ. ಶಾಲೆಯಲ್ಲಿ ಗುರುಗಳು ಕಲಿಸಿದ ಕನ್ನಡ, ಕಚೇರಿಯಲ್ಲಿ ಹೊಟ್ಟೆಗಾಗಿ ಕಲಿತ ಮರಾಠಿ, ಇವೆರಡೇ ನನ್ನ ಬಂಡವಾಳ. ಆದರೆ ಹಿರಿಯರು ಬಿಡಲಿಲ್ಲ. “ನಿನಗೆ ಗೊತ್ತಿರುವುದು ಲೆಕ್ಕವಷ್ಟೆ, ಲೆಕ್ಕವನ್ನೇ ಬರೆ” ಎಂದರು. ಆದುದರಿಂದ ಲೆಕ್ಕವನ್ನೇ ಬರೆಯುತ್ತೇನೆ. ಇದು ನನ್ನ ಕಿರ್ದಿಯಲ್ಲಿ ಬಹುಕಾಲದಿಂದ ಉಳಿದುಹೋದ ಒಂದು ಬಾಕಿಯ ಲೆಕ್ಕ. ತಪ್ಪಿದ್ದರೆ ಓದುಗರು ಮನ್ನಿಸಬೇಕು.

ನಮ್ಮ ಭಾಗದ ಜನರಿಗೆ ದೇವರ ಹಾದಿಯನ್ನು ನಡೆಯುವುದು ಹೊಸತಲ್ಲ. ಯುಗಾದಿಗೆ ಮುನ್ನ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಕಂಬಿಯನ್ನು ಹೊತ್ತು ನಡೆಯುವವರು ನಮ್ಮ ಮನೆಮನೆಗಳಲ್ಲಿ ಇದ್ದಾರೆ. ಆ ಹಾದಿಯಲ್ಲಿ ಬಿಸಿಲಿದೆ, ಬಾಯಾರಿಕೆಯಿದೆ, ಒಡೆದ ಅಂಗಾಲುಗಳಿವೆ. ಆದರೆ ಅಲ್ಲಿ ಒಬ್ಬನೂ ಒಂಟಿಯಲ್ಲ. ಒಬ್ಬನ ಕಾಲು ಸೋತರೆ ಇನ್ನೊಬ್ಬನು ಗಂಟನ್ನು ಹೊರುವನು. ಊರೂರಿನ ತಾಯಂದಿರು ನೀರು ಮಜ್ಜಿಗೆ ಹಿಡಿದು ದಾರಿಯಲ್ಲಿ ನಿಂತಿರುವರು. ಗುಂಪಿನ ದನಿಯೇ ಅಲ್ಲಿ ಊರುಗೋಲು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಬಗೆಯ ನಡಿಗೆಯುಂಟು. ಚಳಿಗಾಲದಲ್ಲಿ, ಹಿಮವು ಮೊಳಕಾಲುದ್ದ ಬಿದ್ದಿರುವ ಪರ್ವತದಲ್ಲಿ, ಜೊತೆಗೆ ಯಾರನ್ನೂ ಕರೆದುಕೊಳ್ಳದೆ ಒಬ್ಬನೇ ನಡೆಯುವುದು. ಹಾಗೆ ನಡೆಯುವವನು ಹೇಳುವುದು ಇಷ್ಟೆ: “ನಾನು ಯಾರಿಗೂ ಕೇಡು ಮಾಡುತ್ತಿಲ್ಲ. ದೇಹ ನನ್ನದು, ಅಪಾಯವೂ ನನ್ನದು. ಇದರಲ್ಲಿ ಇತರರ ಲೆಕ್ಕವೇನು?” ಈ ಮಾತು ನಿಜವೆ? ಒಂಟಿಯಾಗಿ ಹೋಗುವವನಿಗೆ ಯಾರ ಋಣವೂ ಇಲ್ಲವೆ? ನಾನು ವಿಚಾರಿಸಬೇಕೆಂದಿರುವ ಪ್ರಶ್ನೆ ಇದು. ಒಂದು ಕಾಲಕ್ಕೆ ಈ ಮಾತನ್ನು ನಾನೇ ಆಡಿದವನು.

ಹಿಮವನ್ನು ಕಾಣದವರಿಗೆ ಅದು ಅರಳೆಯ ರಾಶಿಯಂತೆ ಮೃದುವಾಗಿ ತೋರುವುದು. ನಡೆದವನಿಗೆ ಅದರ ಗುಣ ತಿಳಿಯುವುದು. ಹೊಸದಾಗಿ ಬಿದ್ದ ಹಿಮದ ಮೇಲೆ ಕಾಲಿಟ್ಟರೆ ಕಾಲು ನಿಲ್ಲುವುದಿಲ್ಲ, ಮೊಳಕಾಲಿನವರೆಗೂ ಕೆಲವೆಡೆ ತೊಡೆಯವರೆಗೂ ಹೂತುಹೋಗುವುದು. ಅದನ್ನು ಕಿತ್ತು ಮೇಲಕ್ಕೆತ್ತಿ ಮುಂದಿನ ಹೆಜ್ಜೆಯನ್ನಿಟ್ಟರೆ ಅದೂ ಹೂಳುವುದು. ಗುಂಪಿನಲ್ಲಿ ಹೋಗುವವರು ಮುಂದಾಳಾಗುವ ಸರದಿಯನ್ನು ಹಂಚಿಕೊಳ್ಳುವರು. ಮೊದಲಿನವನು ಹಾದಿ ತುಳಿದು ದಣಿದೊಡನೆ ಹಿಂದೆ ಸರಿಯುವನು, ಎರಡನೆಯವನು ಮುಂದಾಗುವನು. ಹಿಂದಿನವರಿಗೆ ತುಳಿದ ಗುಂಡಿಗಳೇ ಮೆಟ್ಟಿಲುಗಳಾಗುವುವು. ಒಂಟಿಗನಿಗೆ ಈ ಭಾಗ್ಯವಿಲ್ಲ. ಮೊದಲನೆಯ ಹೆಜ್ಜೆಯೂ ಅವನದೇ, ಕೊನೆಯ ಹೆಜ್ಜೆಯೂ ಅವನದೇ. ದುಡಿದು ಬೆವರಿದರೆ ಬಟ್ಟೆ ಒದ್ದೆಯಾಗುವುದು, ನಿಂತೊಡನೆ ಆ ಬೆವರೇ ಮೈಯನ್ನು ಕೊರೆಯುವುದು. ಸುತ್ತಲೂ ನೀರೇ ಹೆಪ್ಪುಗಟ್ಟಿ ಬಿದ್ದಿದ್ದರೂ ಬಾಯಾರಿಕೆ ತಪ್ಪದು. ಹಿಮವನ್ನು ತಿಂದರೆ ಅದನ್ನು ಕರಗಿಸುವುದಕ್ಕೆ ಒಡಲಿನ ಕಾವೇ ಖರ್ಚಾಗುವುದು. ಎತ್ತರವು ಸಾವಿರ ಮೀಟರು ಏರಿದಂತೆಲ್ಲ ಉಷ್ಣತೆಯು ಸುಮಾರು 6.5 ಡಿಗ್ರಿಯಷ್ಟು ಇಳಿಯುವುದು. ಮೂವತ್ತರಿಂದ ನಲವತ್ತೈದು ಡಿಗ್ರಿ ಓರೆಯಾದ ಇಳಿಜಾರುಗಳಲ್ಲಿ, ಹಳೆಯ ಹಿಮಕ್ಕೆ ಹೊಸ ಹಿಮವು ಸರಿಯಾಗಿ ಕೂಡಿರದಿದ್ದರೆ, ಒಬ್ಬನ ಹೆಜ್ಜೆಯ ಭಾರಕ್ಕೇ ಇಡೀ ಪದರವು ಜಾರಿ ಬರಬಹುದು. ಮೋಡ ಕವಿದರಂತೂ ಭೂಮಿ ಯಾವುದು ಆಕಾಶ ಯಾವುದು ಎಂಬ ಭೇದವೇ ಅಳಿದುಹೋಗುವುದು. ಎಲ್ಲಕ್ಕಿಂತ ಕೆಟ್ಟುದೆಂದರೆ, ಮೈ ಅತಿಯಾಗಿ ತಣಿದಾಗ ಕೈಕಾಲುಗಳೊಡನೆ ಬುದ್ಧಿಯೂ ಮಂಕಾಗುವುದು. ತಾನು ಅಪಾಯದಲ್ಲಿದ್ದೇನೆಂಬುದೇ ಅವನಿಗೆ ತಿಳಿಯದು. ಜೊತೆಗಾರನಿದ್ದರೆ ಕೆನ್ನೆಗೆ ಬಡಿದು ಎಬ್ಬಿಸುವನು. ಒಂಟಿಗನನ್ನು ಎಬ್ಬಿಸುವವರು ಯಾರು?

ಇಷ್ಟನ್ನೂ ನಾನು ಪುಸ್ತಕದಿಂದ ಮಾತ್ರ ಬಲ್ಲವನಾಗಿದ್ದರೆ ಚೆನ್ನಾಗಿತ್ತು.

1996ರಲ್ಲಿ ನನಗೆ ಇಪ್ಪತ್ತೈದರ ಹರೆಯ. ನಮ್ಮ ಸೀಮೆಯ ಹನ್ನೊಂದು ಮಂದಿ ಯಾತ್ರಿಕರೊಂದಿಗೆ ದೀಪಾವಳಿಯ ಹೊತ್ತಿಗೆ ಕೇದಾರನಾಥಕ್ಕೆ ಹೋಗಿದ್ದೆನು. ಕೇದಾರವು ನಮಗೆ ದೂರದ ಕ್ಷೇತ್ರವಾದರೂ ಪರಕೀಯವಲ್ಲ. ಅಲ್ಲಿಯ ರಾವಲರು ಕನ್ನಡನಾಡಿನ ಕಡೆಯ ವೀರಶೈವ ಜಂಗಮ ಪರಂಪರೆಯವರಾಗಿರುವುದು ಹಿಂದಿನಿಂದ ಬಂದ ಸಂಪ್ರದಾಯ. ದೀಪಾವಳಿ ಕಳೆದು ಯಮದ್ವಿತೀಯೆಯಂದು ದೇವಾಲಯದ ಬಾಗಿಲು ಮುಚ್ಚುವರು. ಉತ್ಸವಮೂರ್ತಿಯು ಊಖೀಮಠಕ್ಕೆ ಇಳಿದು ಚಳಿಗಾಲದ ಪೂಜೆಯನ್ನು ಅಲ್ಲಿಯ ಓಂಕಾರೇಶ್ವರನ ಗುಡಿಯಲ್ಲಿ ಕೈಗೊಳ್ಳುವುದು. ಹಿಮಕಾಲದಲ್ಲಿ ದೇವರನ್ನೂ ಅಲ್ಲಿ ಒಂಟಿಯಾಗಿ ಬಿಡುವುದಿಲ್ಲವೆಂಬುದನ್ನು ನಾನು ಆಗ ಯೋಚಿಸಿರಲಿಲ್ಲ.

ಆಗ ಗೌರೀಕುಂಡದಿಂದ ರಾಮಬಾಡಾದ ಮೇಲೆ ಹದಿನಾಲ್ಕು ಕಿಲೋಮೀಟರು ಹತ್ತಬೇಕಿತ್ತು. ನಾವು ಹತ್ತಿದ ರಾತ್ರಿ ಹಿಮ ಬಿತ್ತು. ಬೆಳಗ್ಗೆ ಎದ್ದು ನೋಡಿದರೆ ಗುಡಿಯ ಅಂಗಳ, ನಂದಿಯ ಬೆನ್ನು, ಛತ್ರಗಳ ಮಾಡು, ಎಲ್ಲವೂ ಬಿಳಿ. ಹಿಂದೆ ಕೇದಾರಶಿಖರವು ಎಳೆಬಿಸಿಲಿನಲ್ಲಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ನನಗೆ ಮಂದಾಕಿನಿಯು ಹುಟ್ಟುವ ಚೋರಾಬಾರಿ ಹಿಮನದಿಯ ಬಳಿಯ ಸರೋವರವನ್ನು ನೋಡಬೇಕೆಂಬ ಹುಚ್ಚು ಹತ್ತಿತು. ಗುಡಿಯಿಂದ ಮೇಲೆ ಮೂರು ನಾಲ್ಕು ಕಿಲೋಮೀಟರು ಮಾತ್ರ. ಸಂಗಡಿಗರು ವಯಸ್ಸಾದವರು, ಅವರನ್ನು ಕರೆದರೆ ತಡವಾಗುವುದು. ಹೇಳಿದರೆ ಬೇಡವೆನ್ನುವರು. ಆದುದರಿಂದ ಯಾರಿಗೂ ಹೇಳದೆ ಹೊರಟೆನು. ಊರಿಗೆ ಮರಳಿದ ಮೇಲೆ ಚಾವಡಿಯಲ್ಲಿ ಕುಳಿತು, “ನಾನೊಬ್ಬನೇ ಹೋಗಿ ಬಂದೆ” ಎಂದು ಹೇಳಬೇಕೆಂಬ ಆಸೆಯೂ ಒಳಗೆ ಇದ್ದಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮೊದಲ ಒಂದು ಗಂಟೆಯ ಕಾಲ ನಾನು ಅನುಭವಿಸಿದ ಆನಂದವನ್ನು ಇಂದಿಗೂ ಅಲ್ಲಗಳೆಯಲಾರೆ. ಆ ನಿಶ್ಶಬ್ದವನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ನನ್ನ ಉಸಿರು ಮತ್ತು ಹಿಮವು ಕಾಲ ಕೆಳಗೆ ಒತ್ತುವ ಸದ್ದು, ಇವೆರಡನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಇದ್ದಂತಿರಲಿಲ್ಲ. ಆಮೇಲೆ ಮೋಡ ಇಳಿಯಿತು. ಹತ್ತು ಮಾರು ಮುಂದೆ ಕಾಣದಾಯಿತು. ಹಿಮವು ಮತ್ತೆ ಬೀಳತೊಡಗಿತು. ಹಿಂದಿರುಗಿದೆನೆಂದೇ ತಿಳಿದು ಬಹಳ ಹೊತ್ತು ನಡೆದೆನು. ಆಗ ಎದುರಿಗೆ ಹೆಜ್ಜೆಯ ಗುರುತುಗಳು ಕಂಡುವು. ಯಾರೋ ಹೋಗಿದ್ದಾರೆ, ಬದುಕಿದೆನು ಎಂದು ಸಂತೋಷಪಟ್ಟೆನು. ಅದರಲ್ಲಿ ಕಾಲಿಟ್ಟು ನೋಡಿದರೆ ನನ್ನ ಬೂಟಿಗೆ ಸರಿಯಾಗಿ ಹೊಂದಿತು. ಅವು ನನ್ನವೇ ಹೆಜ್ಜೆಗಳು. ನಾನು ಸುತ್ತು ಹೊಡೆದು ಅಲ್ಲಿಗೇ ಬಂದಿದ್ದೆನು.

ಒಂದು ಬಂಡೆಗೆ ಒರಗಿ ಕುಳಿತೆನು. ಹೆದರಿಕೆಯಾಗಬೇಕಿತ್ತು; ಆದರೆ ನಿದ್ರೆ ಬರುತ್ತಿತ್ತು. ಬಹು ಹಿತವಾದ ನಿದ್ರೆ. ಎಷ್ಟು ಹೊತ್ತಾಯಿತೋ ತಿಳಿಯದು, ಸೀಟಿಯ ಸದ್ದು ಕೇಳಿತು. ಬೆನ್ನಿಗೆ ಕಂಡಿಯನ್ನು ಕಟ್ಟಿಕೊಂಡು ಯಾತ್ರಿಕರನ್ನು ಹೊರುವ ಒಬ್ಬ ಕೂಲಿಯಾಳು ಮೋಡದೊಳಗಿಂದ ಬಂದನು. ಮುಂಜಾನೆ ನಾನು ಮೇಲಕ್ಕೆ ಹೋದುದನ್ನು ಅವನು ನೋಡಿದ್ದನಂತೆ. ಇಳಿದು ಬಂದುದನ್ನು ನೋಡಲಿಲ್ಲವಂತೆ. ಅಷ್ಟೇ ಅವನ ಲೆಕ್ಕ. ಒಬ್ಬ ಹೋದ, ಒಬ್ಬ ಬರಲಿಲ್ಲ. ಯಾರೂ ಅವನನ್ನು ಕಳುಹಿಸಿರಲಿಲ್ಲ, ಯಾರೂ ಕೂಲಿ ಕೊಟ್ಟಿರಲಿಲ್ಲ. ನನ್ನ ತೋಳು ಹಿಡಿದು ಎಳೆದು, ಬೈದು, ನಡೆಸಿ ಕತ್ತಲಾಗುವ ಮುನ್ನ ಗುಡಿಯ ಬಳಿಗೆ ತಂದನು. ನನಗೆ ಒಳ್ಳೆಯ ಬೂಟುಗಳಿದ್ದುವು. ಅವನ ಕಾಲಲ್ಲಿ ಇದ್ದುದು ಹರಿದ ಕ್ಯಾನ್ವಾಸಿನ ಜೋಡು. ಮರುದಿನ ಅವನ ಎಡಗಾಲಿನ ಎರಡು ಬೆರಳುಗಳು ಕಪ್ಪಾಗಿದ್ದುವು. ಅವು ಇನ್ನು ಉಳಿಯುವುದಿಲ್ಲವೆಂದು ನೋಡಿದವರು ಹೇಳಿದರು.

ನಮ್ಮ ತಂಡದ ಹಿರಿಯರು ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದರು: “ಯಾರಿಗೆ ಹೇಳಿ ಹೋಗಿದ್ದೆ?” ನಾನು ತಲೆ ತಗ್ಗಿಸಿದೆನು. ಕಿಸೆಯಲ್ಲಿದ್ದ ಹಣವನ್ನೆಲ್ಲ ಆ ಮನುಷ್ಯನ ಕೈಗಿತ್ತು ಬಂದೆನು. ಬಸ್ಸು ಬಹುದೂರ ಇಳಿದ ಮೇಲೆ ನೆನಪಾಯಿತು. ಅವನ ಹೆಸರನ್ನು ನಾನು ಕೇಳಿರಲಿಲ್ಲ. ಮುಂದೆ ಜೀವಮಾನವೆಲ್ಲ ಹೆಸರುಗಳನ್ನು ಬರೆಯುವುದೇ ಉದ್ಯೋಗವಾದವನು, ತನ್ನ ಜೀವವನ್ನು ಉಳಿಸಿದವನ ಹೆಸರನ್ನು ಬರೆದುಕೊಳ್ಳಲಿಲ್ಲ. 2013ರ ಜೂನ್ ತಿಂಗಳಲ್ಲಿ ಮಂದಾಕಿನಿಯು ಉಕ್ಕಿ ರಾಮಬಾಡಾ ಕೊಚ್ಚಿಹೋದ, 17ರಂದು ಅದೇ ಚೋರಾಬಾರಿ ಸರೋವರವು ಒಡೆದ ಸುದ್ದಿಯನ್ನು ಕೇಳಿದಾಗ ನನಗೆ ಮೊದಲು ನೆನಪಾದುದು ಆ ಎರಡು ಬೆರಳಿಲ್ಲದ ಕಾಲು. ಹುಡುಕಲು ನನ್ನಲ್ಲಿ ಹೆಸರೇ ಇರಲಿಲ್ಲ.

ಈಗ ಮೂಲಪ್ರಶ್ನೆಗೆ ಬರೋಣ. ‘ಅಪಾಯ ನನ್ನದು ಮಾತ್ರ’ ಎಂಬುದು ಒಂದೇ ಬದಿಯನ್ನು ಬರೆದ ಲೆಕ್ಕ. ಜಮೆಯನ್ನು ಬರೆದು ಖರ್ಚನ್ನು ಬಿಟ್ಟ ಕಿರ್ದಿಯನ್ನು ಯಾವ ಅಧಿಕಾರಿಯೂ ಒಪ್ಪಲಾರನು. ಏಕಾಂತದ ಸುಖವೆಲ್ಲ ನನ್ನ ಹೆಸರಿಗೆ ಜಮೆಯಾಯಿತು. ಅದರ ಖರ್ಚು ಬಿದ್ದುದು ಬೇರೊಬ್ಬನ ಕಾಲಿಗೆ. ಮನುಷ್ಯನು ಹಿಮದಲ್ಲಿ ಎಷ್ಟು ದೂರ ಹೋದರೂ ಯಾರದೋ ಕಣ್ಣಿನ ಎಣಿಕೆಯಿಂದ ಹೊರಗೆ ಹೋಗುವುದಿಲ್ಲ. ಮನೆಯಲ್ಲಿ ತಾಯಿ ಎಣಿಸುತ್ತಿರುವಳು. ದಾರಿಯಲ್ಲಿ ಅಪರಿಚಿತನೊಬ್ಬನು ಎಣಿಸುತ್ತಿರುವನು.

ಇದಕ್ಕೆ ಒಂದು ಆಕ್ಷೇಪವುಂಟು; ಅದು ಬಲವಾದ ಆಕ್ಷೇಪ. ಹೀಗೆ ಎಣಿಸುತ್ತ ಕುಳಿತರೆ ಯಾರೂ ಯಾವ ದೊಡ್ಡ ಕಾರ್ಯವನ್ನೂ ಮಾಡಲಾರರಷ್ಟೆ? ಋಷಿಗಳು ಹಿಮಾಲಯದ ಏಕಾಂತವನ್ನು ಆಶ್ರಯಿಸಲಿಲ್ಲವೆ? ಧೈರ್ಯವಂತರೆಲ್ಲ ಮನೆಯಲ್ಲೇ ಇರಬೇಕೆ? ಇದಕ್ಕೆ ಉತ್ತರವನ್ನು ಹುಡುಕುತ್ತ ನಾನು ಜಪಾನಿನ ನಾವೋಮಿ ಉಯೆಮುರಾ ಎಂಬ ಪರ್ವತಾರೋಹಿಯ ಚರಿತ್ರೆಯನ್ನು ಓದಿದೆನು. ಅವನು ನಮ್ಮಂತೆ ಬೇಸಾಯದ ಮನೆಯಲ್ಲಿ 1941ರಲ್ಲಿ ಹುಟ್ಟಿದವನು. 1970ರಲ್ಲಿ ತನ್ನ ದೇಶದ ಸಂಗಾತಿಯೊಬ್ಬನೊಡನೆ ಎವರೆಸ್ಟ್ ಶಿಖರವನ್ನೇರಿದ ಮೊದಲ ಜಪಾನೀಯನಾದನು. 1978ರಲ್ಲಿ ನಾಯಿಗಳೆಳೆಯುವ ಬಂಡಿಯೊಡನೆ ಒಬ್ಬನೇ ಉತ್ತರಧ್ರುವವನ್ನು ಮುಟ್ಟಿದನು. ಉತ್ತರ ಅಮೆರಿಕದ ಅತ್ಯುನ್ನತ ಶಿಖರವಾದ, ಡೆನಾಲಿ ಎಂದೂ ಮೆಕಿನ್ಲಿ ಎಂದೂ ಕರೆಯಲ್ಪಡುವ 6,190 ಮೀಟರು ಎತ್ತರದ ಪರ್ವತವನ್ನು ಬೇಸಗೆಯಲ್ಲಿ ಒಮ್ಮೆ ಒಬ್ಬನೇ ಏರಿದ್ದ ಅವನು, 1984ರಲ್ಲಿ ಅದನ್ನೇ ನಡುಚಳಿಗಾಲದಲ್ಲಿ ಒಂಟಿಯಾಗಿ ಏರಲು ಹೊರಟನು. ಅದಕ್ಕೆ ಹಿಂದೆ ಚಳಿಗಾಲದಲ್ಲಿ ಆ ಶಿಖರವನ್ನು ಮೊದಲು ಮುಟ್ಟಿದವರು 1967ರ ಒಂದು ತಂಡದ ಮೂವರು. ಆ ತಂಡವೂ ಒಬ್ಬನನ್ನು ಹಿಮದ ಬಿರುಕಿನಲ್ಲಿ ಕಳೆದುಕೊಂಡಿತ್ತು.

ಉಯೆಮುರಾನು ನನ್ನಂತೆ ಹೇಳದೆ ಹೊರಟವನಲ್ಲ. ಹಿಮನದಿಯ ಮೇಲೆ ಮುಚ್ಚಿಕೊಂಡಿರುವ ಬಿರುಕುಗಳಲ್ಲಿ ಬಿದ್ದರೆ ಅಡ್ಡವಾಗಿ ತಡೆಯಲೆಂದು ಉದ್ದನೆಯ ಬಿದಿರಿನ ಗಳಗಳನ್ನು ಮೈಗೆ ಕಟ್ಟಿಕೊಂಡು ನಡೆದನು. ಡೇರೆಯ ಬದಲು ಹಿಮದಲ್ಲೇ ಗುಹೆಯನ್ನು ತೋಡಿ ಮಲಗಿದನು. ದಿನಚರಿಯನ್ನು ಬರೆದನು. ವಿಮಾನದಲ್ಲಿ ಬಂದವರೊಡನೆ ರೇಡಿಯೋ ಮೂಲಕ ಮಾತಾಡುತ್ತಿದ್ದನು. ಫೆಬ್ರವರಿ 12ರಂದು, ತನ್ನ ನಲವತ್ತಮೂರನೆಯ ಹುಟ್ಟುಹಬ್ಬದ ದಿನ, ಶಿಖರವನ್ನು ಮುಟ್ಟಿದನು. 13ರಂದು ಇಳಿಯುತ್ತಿದ್ದೇನೆಂದು ರೇಡಿಯೋದಲ್ಲಿ ತಿಳಿಸಿದನು. ಆಮೇಲೆ ಅವನ ದನಿ ಕೇಳಲಿಲ್ಲ. ಹುಡುಕಿದವರಿಗೆ ಹಿಮದ ಗುಹೆಯಲ್ಲಿ ದಿನಚರಿ ಸಿಕ್ಕಿತು, ಕೆಲವು ಸಾಮಾನುಗಳು ಸಿಕ್ಕುವು. ಅವನು ಓದಿದ ವಿಶ್ವವಿದ್ಯಾಲಯದ ಮಿತ್ರರು ಜಪಾನಿನಿಂದ ಬಂದು ಅರಸಿದರು. ದೇಹವು ಸಿಗಲೇ ಇಲ್ಲ.

ಇವನನ್ನು ತಪ್ಪಿತಸ್ಥನೆನ್ನಲು ನನಗೆ ಮನಸ್ಸು ಬಾರದು. ಶೂರನೆಂದಷ್ಟೇ ಹೇಳಿ ಮುಗಿಸಲೂ ಮನಸ್ಸು ಬಾರದು. ಎಲ್ಲ ಎಚ್ಚರಿಕೆ ವಹಿಸಿದ ಮೇಲೂ ಅವನ ಪತ್ನಿಯ ಕಾಯುವಿಕೆ, ಅರಸಲು ಬಂದ ಮಿತ್ರರ ಅಪಾಯ ಖರ್ಚಿನ ಬದಿಯಲ್ಲಿ ಉಳಿದೇ ಉಳಿದುವು. ಆದರೆ ಅವನಿಗೂ ನನಗೂ ಒಂದು ಅಂತರವುಂಟು. ಅದು ಧೈರ್ಯದ ಅಂತರ ಮಾತ್ರವಲ್ಲ. ತನ್ನ ಏಕಾಂತಕ್ಕೆ ಇತರರು ಬೆಲೆ ತೆರುತ್ತಾರೆಂದು ಅವನು ಬಲ್ಲನು. ಆದುದರಿಂದಲೇ ಗಳಗಳನ್ನು ಕಟ್ಟಿದನು, ಸುದ್ದಿ ಕಳುಹಿದನು, ಬರೆದಿಟ್ಟನು. ನಾನು ಅದನ್ನು ಅರಿಯಲೇ ಇಲ್ಲ. ಋಣವಿರುವುದು ದೋಷವಲ್ಲ. ಋಣವೇ ಇಲ್ಲವೆಂದು ತಿಳಿಯುವುದು ದೋಷ. 1988ರಲ್ಲಿ ಅಮೆರಿಕದ ವರ್ನ್ ತೇಜಸ್ ಎಂಬವನು ಅದೇ ಶಿಖರವನ್ನು ಚಳಿಗಾಲದಲ್ಲಿ ಒಬ್ಬನೇ ಏರಿ ಸುರಕ್ಷಿತವಾಗಿ ಮರಳಿದನು. ಬಿರುಕಿಗೆ ಬೀಳದಿರಲೆಂದು ಅವನು ಮೈಗೆ ತೊಟ್ಟುಕೊಂಡುದು ಒಂದು ಅಲ್ಯುಮಿನಿಯಮ್ ಏಣಿಯನ್ನು. ಬಿದಿರ ಗಳದ ಯುಕ್ತಿಯೇ ಏಣಿಯಾಗಿ ಮುಂದುವರಿಯಿತೆನ್ನಬಹುದು. ಒಂಟಿಯಾಗಿ ಹೋದವನ ಹಿಂದೆಯೂ ಮತ್ತೊಬ್ಬ ಒಂಟಿಗನ ಹೆಜ್ಜೆಯಿದ್ದಿತು.

ನಮ್ಮ ಪುರಾಣಗಳಲ್ಲಿ ಹಿಮದ ಹಾದಿಯನ್ನು ಕೊನೆಯವರೆಗೆ ನಡೆದವನು ಧರ್ಮರಾಯ. ಮಹಾಪ್ರಸ್ಥಾನದ ಕಥೆಯನ್ನು ಹರಿಕಥೆಗಳಲ್ಲಿ ಕೇಳಿದಾಗಲೆಲ್ಲ ನನ್ನ ಮನಸ್ಸನ್ನು ಒಂದು ಸಂದೇಹವು ಕಾಡುತ್ತಿತ್ತು. ದ್ರೌಪದಿ ಬಿದ್ದಳು, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬಿದ್ದರು. ಧರ್ಮರಾಯನು ಹಿಂದಿರುಗಿ ನೋಡಲಿಲ್ಲ. ಆದರೆ ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಇಂದ್ರನ ರಥವನ್ನೇರಲು ಒಪ್ಪಲಿಲ್ಲ. ಒಡಹುಟ್ಟಿದವರಿಗಿಲ್ಲದ ಕರುಣೆ ನಾಯಿಗೇಕೆ? ಈಗ ನನಗೆ ತೋರುವುದು ಹೀಗೆ. ತಮ್ಮಂದಿರೂ ಮಡದಿಯೂ ಮರಳಿ ಬಾರದ ಹಾದಿಯೆಂದು ತಿಳಿದೇ, ಸರ್ವವನ್ನೂ ತ್ಯಜಿಸಿ ಹೊರಟವರು. ನಾಯಿಯೋ ಅವನನ್ನು ನಂಬಿ ಬಂದುದು. ನಂಬಿ ಬಂದುದನ್ನು ಕೈಬಿಡುವುದು ಧರ್ಮವಲ್ಲ. ಮೇಲಾಗಿ ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ಸ್ವರ್ಗದಲ್ಲಿ ತಮ್ಮಂದಿರನ್ನು ಕಾಣದೆ ಧರ್ಮರಾಯನು ಅವರಿದ್ದಲ್ಲಿಗೇ ಹೋಗುವೆನೆಂದನು. ಅದು ನರಕವೆಂದು ಕಂಡ ಮೇಲೂ ಅವರ ಆರ್ತನಾದವನ್ನು ಕೇಳಿ ಅಲ್ಲಿಯೇ ನಿಲ್ಲುವೆನೆಂದನು. ಹಿಮದಲ್ಲಿ ಹಿಂದಿರುಗಿ ನೋಡದವನು ಸ್ವರ್ಗದ ಬಾಗಿಲಲ್ಲಿ ಹಿಂದಿರುಗಿದನು. ಒಬ್ಬನೇ ನಡೆದ ಮಾತ್ರಕ್ಕೆ ಅವನ ಲೆಕ್ಕವು ಒಬ್ಬನದಾಗಲಿಲ್ಲ.

ಹಾಗಾದರೆ, ಸಾಲ ಕೊಟ್ಟವನೇ ಸಿಗದಿದ್ದಾಗ ಸಾಲಗಾರನು ಏನು ಮಾಡಬೇಕು? ಇದಕ್ಕೂ ನಮ್ಮ ಹಿರಿಯರು ದಾರಿಯನ್ನು ತೋರಿಸಿದ್ದಾರೆ. ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳೊಡನೆ ಹುಟ್ಟುವನೆಂದು ವೇದವು ಹೇಳುವುದು. ಋಷಿಗಳ ಋಣವನ್ನು ಋಷಿಗಳಿಗೇ ಮರಳಿಸಲಾಗದು. ಕಲಿತುದನ್ನು ಮುಂದಿನವರಿಗೆ ಕಲಿಸಿದರೆ ಅದು ತೀರುವುದು. ತಂದೆತಾಯಿಗಳ ಋಣವನ್ನು ಮಕ್ಕಳನ್ನು ಸಲಹಿ ತೀರಿಸುವೆವು. ಅಂದರೆ, ಹಿಂದಿನಿಂದ ಬಂದುದನ್ನು ಮುಂದಕ್ಕೆ ಕೊಡುವುದೇ ಮರುಪಾವತಿ.

ಈ ಬುದ್ಧಿ ಬಂದ ಮೇಲೆ, ಶ್ರೀಶೈಲದ ಪಾದಯಾತ್ರೆಯಲ್ಲಿ ನಾನು ಯಾವಾಗಲೂ ಗುಂಪಿನ ಕೊನೆಯಲ್ಲಿ ನಡೆಯುತ್ತೇನೆ. ಹೊರಡುವಾಗ ತಲೆಗಳನ್ನೆಣಿಸಿ ಚೀಟಿಯಲ್ಲಿ ಹೆಸರುಗಳನ್ನು ಬರೆದುಕೊಳ್ಳುತ್ತೇನೆ. ತಂಗಿದಲ್ಲೆಲ್ಲ ಮತ್ತೆ ಎಣಿಸುತ್ತೇನೆ. ತರುಣರು ನಗುತ್ತಾರೆ: “ತಲಾಠಿಗಳು ದೇವರ ಹಾದಿಯಲ್ಲೂ ದಪ್ತರ ಬಿಡಲಿಲ್ಲ” ಎನ್ನುತ್ತಾರೆ. ಎನ್ನಲಿ. ಒಂದು ವರ್ಷ ಎಣಿಕೆಯಲ್ಲಿ ಒಬ್ಬನು ಕಡಿಮೆಯಾದನು. ಟಾರ್ಚು ಹಿಡಿದು ಎರಡು ಹರಿದಾರಿ ಹಿಂದಕ್ಕೆ ನಡೆದೆನು. ಮರದ ಕೆಳಗೆ ಜ್ವರ ಬಂದು ಮಲಗಿದ್ದನು. “ನನಗಾಗಿ ಯಾಕೆ ಬಂದಿರಿ?” ಎಂದು ಕೇಳಿದನು. ನಾನು ಉತ್ತರ ಹೇಳಲಿಲ್ಲ. ಮೊದಲು ಅವನ ಪೂರ್ತಿ ಹೆಸರನ್ನು ಕೇಳಿದೆನು.

ತರುಣರಿಗೆ ನನ್ನದೊಂದು ವಿನಂತಿ. ಪರ್ವತವನ್ನೇರಬೇಡಿರೆಂದು ನಾನು ಹೇಳುವುದಿಲ್ಲ. ಆ ಒಂದು ಗಂಟೆಯ ಮೌನವನ್ನು ಕಂಡ ನಾನು ಹಾಗೆ ಹೇಳಿದರೆ ಅದು ಸುಳ್ಳಾದೀತು. ಏಕಾಂತವನ್ನು ಅರಸಿರಿ. ಆದರೆ ಎಲ್ಲಿಗೆ ಹೋಗುವೆವು, ಎಂದು ಬರುವೆವು ಎಂಬುದನ್ನು ಒಬ್ಬರಿಗಾದರೂ ಹೇಳಿ ಹೋಗಿರಿ. ಮೋಡ ಇಳಿದರೆ ಹಿಂದಿರುಗಿರಿ. ಹಿಂದಿರುಗುವುದು ಸೋಲಲ್ಲ, ಕಾಯುವವರಿಗೆ ಮಾಡುವ ಮರ್ಯಾದೆ. ನಿಮ್ಮನ್ನು ಕೈಹಿಡಿದು ನಡೆಸಿದವನು ಕೂಲಿಯಾಳಾದರೂ ಅವನ ಹೆಸರನ್ನು ಕೇಳಿರಿ.

ಈ ಮಾತಿಗೂ ಗುಡಿಯ ಜೀರ್ಣೋದ್ಧಾರಕ್ಕೂ ಸಂಬಂಧವೇನೆಂದು ಯಾರಾದರೂ ಕೇಳಬಹುದು. ಈ ಗುಡಿಯ ಹಳೆಯ ಗೋಡೆಯನ್ನು ಬಿಚ್ಚಿದಾಗ ಒಳಗಿನ ಕಲ್ಲುಗಳ ಮೇಲೆ ಉಳಿಯ ಗುರುತುಗಳನ್ನು ನಾವೆಲ್ಲರೂ ನೋಡಿದೆವು. ಕೆತ್ತಿದವರ ಹೆಸರು ಎಲ್ಲಿಯೂ ಇರಲಿಲ್ಲ. ಮೊದಲು ಹಾದಿ ತುಳಿದವರು ಅವರು. ಅವರು ತುಳಿದ ಗುಂಡಿಗಳಲ್ಲಿ ನಾವು ಕಾಲಿಟ್ಟು ಹತ್ತುತ್ತಿದ್ದೇವೆ. ಅವರಿಗೆ ಮರಳಿಸಲಾಗದುದನ್ನು ಮುಂದೆ ಹುಟ್ಟುವವರಿಗೆ ಕೊಡುವುದಕ್ಕೇ ಈ ಹೊಸ ಗೋಡೆ, ಈ ಹೊಸ ಕಲಶ.

ಕೊನೆಗೆ ಒಂದು ವಿವರಣೆ. ಸಮಿತಿಯ ದೇಣಿಗೆಯ ಪಟ್ಟಿಯಲ್ಲಿ ‘ಕೇದಾರದ ಒಬ್ಬ ಕಂಡಿಯಾಳು’ ಎಂಬ ಹೆಸರಿನಲ್ಲಿ ಒಂದು ಸಣ್ಣ ಮೊತ್ತವಿದೆ. ಇವನಾರು, ನಮ್ಮೂರಿಗೆ ಯಾವಾಗ ಬಂದಿದ್ದನು ಎಂದು ಕೆಲವರು ಕೇಳಿದರು. ಅವನು ಬಂದಿಲ್ಲ. ಬರೆದವನು ನಾನು. ಬಾಕಿ ತೀರಿತೆಂದು ಬರೆದುದಲ್ಲ. ಬಾಕಿಯಿದೆಯೆಂಬುದು ಮರೆಯದಿರಲೆಂದು ಬರೆದುದು. ಅವನೆಲ್ಲಿದ್ದರೂ ಅವನ ಮನೆ ತಣ್ಣಗಿರಲಿ. ಹಾದಿಯಲ್ಲಿರುವವರೆಲ್ಲರೂ ಹೊತ್ತು ಮುಳುಗುವ ಮುನ್ನ ಮನೆ ಸೇರಲಿ. ಹೀಗೆಂದು ಶ್ರೀ ಕೇದಾರೇಶ್ವರನನ್ನು ಪ್ರಾರ್ಥಿಸಿ ಈ ಲೆಕ್ಕವನ್ನು ಇಲ್ಲಿಗೆ ನಿಲ್ಲಿಸುತ್ತೇನೆ.